ನಾಲ್ಕನೇ ತೂತು

ಊರಿನ ಹೆಸರು ಸೂರ್.
ನಮ್ಮ ಕಡೆ ಸೂರು ಅಂದರೆ ತಲೆ ಕಾಯುವ ಮಾಡು,
ಇಲ್ಲಿ ತಲೆ ಮೇಲೆ ಬರೀ ಬಿಸಿಲು.
ಕಡಲಿನಿಂದ ಉಪ್ಪು ಬಿಡಿಸುವ ಪಂಪುಗಳ ಗುಂಯ್ಯೊಳಗೆ
ಒಂಬತ್ತು ವರ್ಷ ನಿದ್ದೆ ಮಾಡಿದ್ದೇನೆ.

ಲ್ಯಾಬಿನ ಹಳೆಯ ಮೀಟರು ಮೊನ್ನೆ ಸತ್ತಿತು.
ಸತ್ತಿತು ಅಂದರೆ,
ಏನು ಅದ್ದಿದರೂ ಏಳು ಅನ್ನತೊಡಗಿತು:
ವಿನಿಗರಿಗೂ ಏಳು, ಸೋಪಿನ ನೀರಿಗೂ ಏಳು,
ಪಂಚಾಯಿತಿ ಕಟ್ಟೆಯಲ್ಲಿ
ಎರಡೂ ಕಡೆಯವರಿಗೆ ಹೌದಪ್ಪ ಅನ್ನುವ ಹಿರಿಯನ ಹಾಗೆ.

ಹೊಸದನ್ನು ನೀನೇ ಆರಿಸು ಅಂದರು.

ರಾಮಿ ಬಂದ, ಅಮ್ಮಾನಿನವನು,
ಮೂರು ಪೆಟ್ಟಿಗೆ, ಒಂದು ಅತ್ತರು.
'ಇದು ಎಂಟೇ ಸೆಕೆಂಡಿಗೆ ಉತ್ತರ ಹೇಳುತ್ತೆ ಮೇಡಂ.'
ಆಗಷ್ಟೇ ಪೊರೆ ದಾಟಿ ಬಂದ ನೀರಿಗೆ ಅದ್ದಿದೆ,
ಉಪ್ಪಿಲ್ಲದ, ಸುಣ್ಣವಿಲ್ಲದ,
ಗಾಳಿ ಸೋಕಿದರೂ ಮನಸ್ಸು ಬದಲಿಸುವ ನೀರು.
ಎಂಟಕ್ಕೆ ಸರಿಯಾಗಿ ಕುಂಯ್ ಅಂದು
ಒಂದು ಅಂಕಿ ಹಿಡಿದು ಕೂತಿತು.
ನೀರು ಇನ್ನೂ ಮಾತು ಮುಗಿಸಿರಲಿಲ್ಲ.

ಎರಡನೆಯದಕ್ಕೆ ಕನ್ನಡಿಯಂಥ ಪರದೆ.
ಗ್ಲೌಸು ತೊಟ್ಟ ಬೆರಳು ಅದಕ್ಕೆ ಬೆರಳೇ ಅಲ್ಲ.
ಮಾರಿಸೆಲ್ ಮೂರು ಸಲ ಒತ್ತಿ
ತನ್ನ ಭಾಷೆಯಲ್ಲಿ ಏನೋ ಅಂದಳು,
ಅನುವಾದ ಬೇಕಾಗಲಿಲ್ಲ.

ಮೂರನೆಯದು ನಿಧಾನಿ.
ಆರು ಮುಕ್ಕಾಲು, ಆರೂವರೆ, ಮತ್ತೆ ಒಂದಿಷ್ಟು ಕೆಳಗೆ,
ಇನ್ನೂ ಇಲ್ಲ, ಇನ್ನೂ ಇಲ್ಲ ಅನ್ನುವ
ಮಿಣುಕು ಗುರುತೊಂದು ಮೂಲೆಯಲ್ಲಿ.
ಚಹಾ ಆರಿತು. ರಾಮಿ ಗಡಿಯಾರ ನೋಡಿಕೊಂಡ.
ನಾನು ಹಿಂದಕ್ಕೆ ಬಗ್ಗಿ ನೋಡಿದೆ,
ವೈರು ಚುಚ್ಚಲು ನಾಲ್ಕು ತೂತು.

'ಕೊನೆಯದು ಫ್ಲೋರೈಡಿಗೆ, ನಿಮಗೆ ಬೇಡ,
ಪೊರೆ ಅದನ್ನೂ ಬಿಡೋದಿಲ್ಲವಲ್ಲ' ಅಂದು ನಕ್ಕ.
ನಾನೂ ನಕ್ಕೆ, ಅಂಗೈ ಅಡ್ಡ ಹಿಡಿದು.
ಅದು ಮರ್ಯಾದೆಗಲ್ಲ, ರೂಢಿ.

ಮುಂಡರಗಿ ಕಡೆ ನಮ್ಮ ಓಣಿಗೆ ಹೊಸ ಬೋರು ಬಿದ್ದ ದಿನ
ಅವ್ವ ಮೊದಲ ಕೊಡದಲ್ಲಿ ತೊಗರಿಬೇಳೆ ಇಟ್ಟಳು.
'ಬ್ಯಾಳಿ ಬೆಂದ್ರ ಕುಡೀರಿ, ಬೇಯಲಿಲ್ಲಂದ್ರ ಬ್ಯಾಡ.'
ಅವಳ ಲ್ಯಾಬು ಅಷ್ಟೇ, ಒಂದು ಒಲೆ, ಒಂದು ಮುಷ್ಟಿ ಬೇಳೆ.
ಬೇಳೆ ಬೆಣ್ಣೆಯಂತೆ ಬೆಂತು.
ಕುಡಿದೆವು.
ಬೇಳೆಗೆ ತಿಳಿಯದ್ದು ಹಲ್ಲಿಗೆ ತಿಳಿಯಿತು,
ಅದೂ ಏಳೆಂಟು ವರ್ಷ ತಡವಾಗಿ, ಕಂದು ಗೆರೆ ಗೆರೆಯಾಗಿ.
ಏಳನೇ ಈಯತ್ತೆಯ ಫೋಟೋದಲ್ಲಿ ನಲವತ್ತೊಂದು ಮಂದಿ,
ಒಬ್ಬರೂ ಬಾಯಿ ಬಿಟ್ಟಿಲ್ಲ.
ಅವ್ವನ ತಪ್ಪಲ್ಲ. ಬೇಳೆಯದೂ ಅಲ್ಲ.
ಕೇಳಿದ್ದಕ್ಕಷ್ಟೇ ಅದು ಉತ್ತರ ಕೊಟ್ಟಿತ್ತು.

ಗೇಟಿನ ಹಮೂದ್ ಹೋದ ಚಳಿಗಾಲ
ಮಜ್ಜಿಗೆಯ ಖಾಲಿ ಬಾಟಲಿಯಲ್ಲಿ
ಒಳನಾಡಿನ ತನ್ನ ತಾಯಿಯ ಬಾವಿ ನೀರು ತಂದಿದ್ದ.
'ಚೆನ್ನಾಗಿದೆಯಾ ನೋಡು, ಮಗಳು ಅಲ್ಲೇ ಬೆಳೀತಾಳೆ.'
ಹುಳಿ ಹೇಳಿದೆ, ಉಪ್ಪು ಹೇಳಿದೆ.
'ಮತ್ತೆ?' ಅಂದ.
ಮತ್ತೆ ಹೇಳಲು ನನ್ನ ಬಳಿ ಸಾಮಾನಿರಲಿಲ್ಲ.
ಅವನ ಫೋನಿನಲ್ಲಿ ಹುಡುಗಿ,
ಮುಂದಿನೆರಡು ಹಾಲುಹಲ್ಲು ಬಿದ್ದು
ಬಾಯಿ ತುಂಬ ನಗುತ್ತಿದ್ದಳು.

ಖರೀದಿ ಫಾರಮ್ಮಿನಲ್ಲಿ 'ಕಾರಣ' ಅಂತೊಂದು ಚೌಕ,
ಎರಡು ಸಾಲಿನ ಜಾಗ.
ಬರೆದೆ: ಮೂರನೆಯದು. ಅಂಕಿ ನಿಲ್ಲುವ ತನಕ ಕಾಯುತ್ತದೆ.
ಕೆಳಗೆ, ಸಣ್ಣಕ್ಷರದಲ್ಲಿ: ಫ್ಲೋರೈಡ್ ಎಲೆಕ್ಟ್ರೋಡ್ ಒಂದು,
ಮುಂದಿನ ಅಗತ್ಯಕ್ಕೆ.

ಮೀಟರು ಬಂತು.
ಕೆಳಗಿನ ಸಾಲಿನ ಮೇಲೆ ಕೆಂಪು ಗೀಟು ಬಂತು.

ಈಗ ಗುರುವಾರ ಗುರುವಾರ ಮೇಜು ಒರೆಸುವಾಗ
ನಾಲ್ಕನೇ ತೂತಿನ ರಬ್ಬರ್ ಬಿರಡೆ ತೆಗೆದು
ಉಪ್ಪುಗಾಳಿ ಹೊಕ್ಕಿದೆಯೇ ನೋಡಿ
ಮತ್ತೆ ಮುಚ್ಚುತ್ತೇನೆ.
ಫ್ರಿಜ್ಜಿನ ಕೆಳತಟ್ಟಿನಲ್ಲಿ ಹಮೂದನ ಬಾಟಲಿ ಇದೆ,
ಹೆಸರು, ತಾರೀಕು ಬರೆದು ಅಂಟಿಸಿದ್ದೇನೆ.
ಪ್ಲಾಸ್ಟಿಕ್ಕಿನೊಳಗೆ ಅದು ಕೆಡುವುದಿಲ್ಲ,
ಎಲ್ಲಿಗೂ ಹೋಗುವುದೂ ಇಲ್ಲ.
ಹುಡುಗಿಗೆ ಹೊಸ ಹಲ್ಲು
ಹುಟ್ಟುತ್ತಿರಬೇಕು.